ಅಮರರೆಂದು ಕರೆದು ಕೈತೊಳೆದುಕೊಳ್ಳುವುದು

ವೀರರಿಗೆ ಸಾವಿಲ್ಲ ಎಂಬ ಮಾತನ್ನು ನಮ್ಮ ಸಭೆಗಳಲ್ಲಿ ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ನವೆಂಬರ್ ತಿಂಗಳ ವೇದಿಕೆಗಳಲ್ಲಿ ಕನ್ನಡದಲ್ಲಿ ಕೇಳುತ್ತೇವೆ, ಭೋಸರಿಯ ರಸ್ತೆಗಳಲ್ಲಿ ಕಟ್ಟಿದ ಫ್ಲೆಕ್ಸುಗಳಲ್ಲಿ ಮರಾಠಿಯಲ್ಲಿ ಓದುತ್ತೇವೆ. ಇದೇ ಮಾತಿಗೆ ಒಂದು ವಿದ್ವತ್ತಿನ ಪೋಷಾಕೂ ಉಂಟು. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ನಮಗೆ ಕಲಿಸಿದ್ದು ಅದನ್ನೇ: ಗ್ರೀಕರ ವೀರ ಕೀರ್ತಿಯ ಮೂಲಕ ಸಾವನ್ನು ಗೆಲ್ಲುತ್ತಾನೆ, ಭಾರತದ ವೀರ ಆತ್ಮದ ಮೂಲಕ ಗೆಲ್ಲುತ್ತಾನೆ. ಪರೀಕ್ಷೆಯಲ್ಲಿ ಬರೆದರೆ ಅಂಕ ಸಿಗುವ ವಾಕ್ಯ. ಆದರೆ ಮೂಲ ಕೃತಿಗಳನ್ನು ತೆರೆದು ಕುಳಿತರೆ ಅದು ಎರಡು ಪುಟ ದಾಟುವುದರೊಳಗೆ ಕುಸಿಯುತ್ತದೆ. ಕುಸಿದದ್ದನ್ನು ಮತ್ತೆ ಮತ್ತೆ ಎತ್ತಿ ನಿಲ್ಲಿಸುವುದರಲ್ಲಿ ಯಾರಿಗೋ ಅನುಕೂಲವಿದೆ ಎಂಬುದು ನಮ್ಮ ಗುಮಾನಿ.

ಮೊದಲಿಗೆ ನಮ್ಮ ಪುರಾಣಗಳನ್ನೇ ನೋಡೋಣ. ಸಾವೇ ಬರಬಾರದೆಂದು ತಪಸ್ಸು ಮಾಡಿದವರ ಪಟ್ಟಿಯಲ್ಲಿ ಯಾರಿದ್ದಾರೆ? ಹಿರಣ್ಯಕಶಿಪು, ರಾವಣ, ತಾರಕಾಸುರ. ಬ್ರಹ್ಮನೊಡನೆ ವಕೀಲರಂತೆ ವಾದಿಸಿ, ಹಗಲು ಬೇಡ ಇರುಳು ಬೇಡ, ಒಳಗೆ ಬೇಡ ಹೊರಗೆ ಬೇಡ ಎಂದು ಷರತ್ತು ಹಾಕಿದವನು ಹೊಸ್ತಿಲ ಮೇಲೆ ಸತ್ತ. ರಾವಣನು ಮನುಷ್ಯನನ್ನು ಲೆಕ್ಕಕ್ಕೇ ಹಿಡಿಯಲಿಲ್ಲ, ಮನುಷ್ಯನಿಂದಲೇ ಹೋದ. ದೇವತೆಗಳಿಗೆ ಅಮೃತ ದಕ್ಕಿದ್ದೂ ಪೌರುಷದಿಂದಲ್ಲ, ಮೋಹಿನಿಯ ವಂಚನೆಯಿಂದ. ಯಮನ ಮನೆಯ ಬಾಗಿಲಲ್ಲಿ ಕುಳಿತ ನಚಿಕೇತನಿಗೆ ಬೇಕಾದಷ್ಟು ಆಯುಷ್ಯ ಕೊಡುತ್ತೇನೆಂದರೂ ಅವನು ಒಲ್ಲೆನೆಂದ. ಇನ್ನು ಮಗನ ಯೌವನವನ್ನು ಎರವಲು ಪಡೆದ ಯಯಾತಿಯನ್ನು ಯಾರಾದರೂ ವೀರನೆಂದು ಪೂಜಿಸಿದ್ದುಂಟೆ? ಮಾರ್ಕಂಡೇಯನನ್ನು ನೆನಪಿಸುವವರಿದ್ದಾರೆ, ಸರಿ, ಆದರೆ ಅವನು ಹದಿನಾರರ ಬಾಲಕ, ಲಿಂಗವನ್ನು ತಬ್ಬಿಕೊಂಡವನು, ರಣರಂಗಕ್ಕೆ ಹೋದವನಲ್ಲ.

ಏಳು ಚಿರಂಜೀವಿಗಳಲ್ಲಿ ಮೊದಲ ಹೆಸರು ಅಶ್ವತ್ಥಾಮನದು. ಮಲಗಿದ್ದವರನ್ನು ಇರುಳಲ್ಲಿ ಕೊಂದು, ಗರ್ಭದ ಶಿಶುವಿನ ಮೇಲೆ ಅಸ್ತ್ರ ಬಿಟ್ಟವನಿಗೆ ಕೃಷ್ಣ ವಿಧಿಸಿದ ಶಿಕ್ಷೆ ಮರಣವಲ್ಲ, ಬದುಕು. ಮಹಾಭಾರತದ ಪ್ರಕಾರ ಮೂರು ಸಾವಿರ ವರ್ಷ ರಕ್ತ ಕೀವು ಸೋರುತ್ತ, ಮಾತಾಡಲು ಒಬ್ಬರಿಲ್ಲದೆ ಅಲೆಯಬೇಕು. ಕರ್ಣನಿಗೆ ರಣದಲ್ಲಿ ಸಾವು ಕೊಟ್ಟ ಕಥೆ ಅಶ್ವತ್ಥಾಮನಿಗೆ ಅದನ್ನು ನಿರಾಕರಿಸಿತು. ಹೀಗಿರುವಾಗ ನಮ್ಮ ಪುರಾಣಗಳ ವೀರರು ಅಮರತ್ವವನ್ನು ಅರಸಿದರೆಂದು ಯಾವ ಧೈರ್ಯದಿಂದ ಹೇಳುತ್ತೇವೆ?

ಹೊರಗಿನವರ ಕಥೆಯೂ ಬೇರೆಯಲ್ಲ. ಬ್ಯಾಬಿಲೋನಿಯದ ಗಿಲ್ಗಮೇಶನು ಗೆಳೆಯ ಎಂಕಿಡು ಸತ್ತ ಮೇಲೆ ಸಾವಿಗೆ ಹೆದರಿ ಲೋಕದ ಅಂಚಿನವರೆಗೆ ಹೋದ. ಮರಳಿ ಯೌವನ ಕೊಡುವ ಗಿಡವನ್ನು ಕಡಲ ತಳದಿಂದ ತಂದ. ದಾರಿಯಲ್ಲಿ ಸ್ನಾನಕ್ಕಿಳಿದಾಗ ಹಾವು ಅದನ್ನು ತಿಂದುಹೋಯಿತು. ಒಡಿಸ್ಯೂಸನಿಗೆ ಕ್ಯಾಲಿಪ್ಸೊ ಅಮರತ್ವವನ್ನು ತಟ್ಟೆಯಲ್ಲಿಟ್ಟು ಕೊಡಬಂದಳು. ಅವನು ಮುಪ್ಪಾಗುವ ಹೆಂಡತಿಯನ್ನೂ ಕಲ್ಲುನೆಲದ ಸಣ್ಣ ದ್ವೀಪವನ್ನೂ ಆರಿಸಿಕೊಂಡ. ಕೀರ್ತಿಗಾಗಿ ಅಲ್ಪಾಯುಷ್ಯ ಒಪ್ಪಿದ ಅಕಿಲೀಸನೋ, ಪಾತಾಳದಲ್ಲಿ ಸಿಕ್ಕಾಗ, ಸತ್ತವರ ದೊರೆಯಾಗಿರುವುದಕ್ಕಿಂತ ಬಡವನ ಹೊಲದಲ್ಲಿ ಕೂಲಿಯಾಗಿರುವುದೇ ಲೇಸು ಎನ್ನುತ್ತಾನೆ. ಕೀರ್ತಿ ಸಾವನ್ನು ಗೆಲ್ಲುತ್ತದೆ ಎಂದು ಪಾಠ ಹೇಳಿದವರು ಒಡಿಸ್ಸಿಯ ಹನ್ನೊಂದನೆಯ ಪರ್ವವನ್ನು ರಜೆಯ ದಿನ ಮುಗಿಸಿರಬೇಕು.

ಇಷ್ಟು ದೂರ ಹೋಗುವ ಅಗತ್ಯವೂ ಇರಲಿಲ್ಲ. ವೀರ, ಸಾವು, ನೆನಪು ಈ ಮೂರರ ಬಗ್ಗೆ ಕನ್ನಡನಾಡು ಆಲೋಚಿಸಿದ್ದು ಕಲ್ಲಿನಲ್ಲಿ. ಚಿದಾನಂದಮೂರ್ತಿಯವರ ಶಾಸನಾಧ್ಯಯನ, ಶೇಷಶಾಸ್ತ್ರಿಯವರ ವೀರಗಲ್ಲುಗಳ ಗ್ರಂಥ, ಸಾವನ್ನು ಆಹ್ವಾನಿಸಿದವರ ಕುರಿತು ಷ. ಶೆಟ್ಟರ್ ಬರೆದವು ನಮ್ಮ ಕಪಾಟಿನಲ್ಲಿವೆ. ಭಾಷಣಗಳಿಗೆ ಮಾತ್ರ ಅವು ಇಳಿಯುವುದಿಲ್ಲ.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನು ತೆಗೆದುಕೊಳ್ಳಿ. ಪಂಪನು 941ರಲ್ಲಿ ಭಾರತವನ್ನು ಮುಗಿಸಿ ಹತ್ತು ವರ್ಷ ತುಂಬುವುದರೊಳಗೆ, 949-50ರಲ್ಲಿ, ನೆಟ್ಟದ್ದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗನು ಕಾದಿ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಕಡೆಯ ಮಣಲೆರನೂ ಅಲ್ಲಿ ಪರಾಕ್ರಮ ಮೆರೆದ. ಒಡೆಯ ಮೆಚ್ಚಿ, ಬೇಕಾದ್ದು ಬೇಡು ಎಂದಾಗ ಮಣಲೆರನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿಯನ್ನು ಬೆಳತೂರಿನ ಬಳಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಕಾದಾಡಿ ಸತ್ತವು. ನಾಯಿಗೆ ಕಲ್ಲು ನೆಟ್ಟರು, ಭೂಮಿ ಬಿಟ್ಟರು, ಆ ಕಲ್ಲಿಗೆ ಪೂಜೆ ತಪ್ಪಿಸುವ ಗೊರವನಿಗೆ ನಾಯಿಯ ಪಾಪ ತಟ್ಟುತ್ತದೆಂದು ಬರೆಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಅಮರವಾಯಿತೆಂದು ಯಾರೂ ಬರೆಯಲಿಲ್ಲ. ಎಲ್ಲಿ ಸತ್ತಿತು, ಯಾವುದರೊಡನೆ ಕಾದಿ ಸತ್ತಿತು, ಅದರ ನೆನಪಿಗೆ ಎಷ್ಟು ನೆಲ ಬಿಟ್ಟಿದೆ, ಆ ಕಲ್ಲನ್ನು ನೋಡಿಕೊಳ್ಳುವ ಹೊಣೆ ಯಾರದು ಎಂಬುದನ್ನು ಬರೆದರು.

ಬೆಂಗಳೂರೆಂಬ ಹೆಸರು ಮೊದಲು ಸಿಗುವುದೂ ಇಂಥ ಕಲ್ಲಿನಲ್ಲೇ. ಬೇಗೂರಿನ ನಾಗನಾಥೇಶ್ವರ ಗುಡಿಯಲ್ಲಿರುವ, ಒಂಬತ್ತನೆಯ ಶತಮಾನದ ಕೊನೆಯದೆಂದು ವಿದ್ವಾಂಸರು ಹೇಳುವ ಆ ಕಲ್ಲು, ನಾಗತ್ತರನ ಕಡೆಯವನೊಬ್ಬ ಬೆಂಗಳೂರ ಕಾಳಗದಲ್ಲಿ ಸತ್ತದ್ದನ್ನು ಹೇಳುತ್ತದೆ. ಇಂದು ಕೋಟಿಗಟ್ಟಲೆ ಜನರಿರುವ ನಗರಕ್ಕೆ ಸಿಕ್ಕಿರುವ ಜನ್ಮಪತ್ರ ಒಬ್ಬ ಸೇವಕನ ಮರಣಪತ್ರ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದು. ವೀರಗಲ್ಲಿನ ನಡುಪಟ್ಟಿಯಲ್ಲಿ ಅಪ್ಸರೆಯರು ವೀರನನ್ನು ಒಯ್ಯುತ್ತಾರೆ, ಮೇಲ್ಪಟ್ಟಿಯಲ್ಲಿ ಅವನು ಶಿವನ ಸನ್ನಿಧಿಯಲ್ಲಿ ಕುಳಿತಿರುತ್ತಾನೆ, ನೆತ್ತಿಯಲ್ಲಿ ಸೂರ್ಯಚಂದ್ರರಿದ್ದಾರೆ. ಇದು ಅಮರತ್ವವಲ್ಲದೆ ಮತ್ತೇನು? ನಮ್ಮ ಉತ್ತರವಿಷ್ಟೆ: ಹತ್ತು ಕಲ್ಲುಗಳನ್ನು ಸಾಲಾಗಿ ನೋಡಿ. ಮೇಲಿನ ಎರಡು ಪಟ್ಟಿಗಳು ಹೆಚ್ಚುಕಡಿಮೆ ಒಂದೇ. ಕಲ್ಲುಕುಟಿಗನ ಕೈಗೆ ರೂಢಿಯಾದ ಮಾದರಿ. ಕೆಳಗಿನ ಪಟ್ಟಿ ಮಾತ್ರ ಕಲ್ಲಿನಿಂದ ಕಲ್ಲಿಗೆ ಬದಲಾಗುತ್ತದೆ. ಒಂದರಲ್ಲಿ ದನಗಳ ಸಾಲು, ಅಂದರೆ ತುರುಗೊಳ್, ಒಂದರಲ್ಲಿ ಹುಲಿ, ಒಂದರಲ್ಲಿ ಕುದುರೆ ಸವಾರರ ಎದುರು ಬಿಲ್ಲು ಹಿಡಿದು ನಿಂತ ಒಬ್ಬಂಟಿ, ಮುಂಬಯಿಯ ಬೋರಿವಲಿ ಬಳಿಯ ಏಕ್ಸರದ ಕಲ್ಲುಗಳಲ್ಲಿ ಹುಟ್ಟುಹಾಕುವ ಹಡಗುಗಳು. ಸ್ವರ್ಗ ಎಲ್ಲರಿಗೂ ಒಂದೇ, ಸಾವು ಒಬ್ಬೊಬ್ಬನದು ಒಂದೊಂದು. ಶಿಲ್ಪಿ ತಲೆ ಕೆಡಿಸಿಕೊಂಡದ್ದು ಕೆಳಗಿನದಕ್ಕೆ. ಬರೆಸಿದವರು ಅಕ್ಷರ ಖರ್ಚು ಮಾಡಿದ್ದೂ ಅದಕ್ಕೇ: ಊರಳಿವು, ಪೆಣ್ಬುಯ್ಯಲ್, ಗಡಿಯ ಜಗಳ. ಅದಾದ ಮೇಲೆ ಅನೇಕ ಕಲ್ಲುಗಳಲ್ಲಿ ಬರುವ ಮಾತುಗಳು ಇನ್ನೂ ಗಟ್ಟಿ: ಬಾಳ್ಗಳ್ಚು, ಕಲ್ನಾಡು, ನೆತ್ತರುಗೊಡಗೆ. ಕಾದಿದವನಿಗೆ, ಸತ್ತವನ ಮನೆಯವರಿಗೆ ಬಿಟ್ಟ ಭೂಮಿ. ನೆತ್ತರಿಗೆ ಕೊಡುಗೆ ಎಂಬ ಪದವನ್ನು ಕಟ್ಟಿದ ಜನಕ್ಕೆ ಸಾಲವೆಂದರೇನೆಂದು ಗೊತ್ತಿತ್ತು.

ಇದರಿಂದ ಆ ಕಾಲ ಚಿನ್ನದಂಥದೆಂದು ನಾವು ಹೇಳುತ್ತಿಲ್ಲ. ಹೊಯ್ಸಳ ವೀರಬಲ್ಲಾಳನೊಡನೆ ಕುವರಲಕ್ಷ್ಮನು ಹೆಂಡತಿ ಸುಗ್ಗಲದೇವಿಯನ್ನೂ ಸಾವಿರ ಮಂದಿ ವೀರರನ್ನೂ ಕರೆದುಕೊಂಡು ಪ್ರಾಣ ಬಿಟ್ಟದ್ದನ್ನು ಹಳೇಬೀಡಿನ ಕಂಬ ಸಾರುತ್ತದೆ. ಆ ಸಾವಿರ ಜನ ಯಾರನ್ನು ಕಾಪಾಡಿದರು? ಯಾರನ್ನೂ ಅಲ್ಲ. ಮಾಸ್ತಿಗಲ್ಲುಗಳ ಬಳೆ ತೊಟ್ಟ ಕೈ ತಾನಾಗಿ ಎದ್ದದ್ದೋ ಎತ್ತಿಸಿದ್ದೋ ಎಂದು ಕೇಳದೆ ಮುಂದೆ ಹೋಗುವವರೊಡನೆ ನಮಗೆ ಮಾತಿಲ್ಲ. ದನ ಕಾಯುತ್ತ ಸತ್ತವನ ಕಲ್ಲೂ ಒಡೆಯನ ಜೊತೆ ಸತ್ತವರ ಕಂಬವೂ ಒಂದೇ ಎಂದು ಕೈಮುಗಿಯುವುದೇ ಈ ‘ಅಮರ’ ಎಂಬ ಪದದ ಮೊದಲ ಅಪಚಾರ. ಅದು ಏಕೆ ಸತ್ತರೆಂಬ ಪ್ರಶ್ನೆಯನ್ನು ನುಂಗಿಬಿಡುತ್ತದೆ.

ಈಗ ನಮ್ಮ ಊರ ಸುತ್ತಿಗೆ ಬರೋಣ. ಪುಣೆ ಸೀಮೆಯ ಹಳ್ಳಿಗಳ ಗುಡಿ ಅಂಗಳಗಳಲ್ಲಿ ವೀರಗಲ್ಲುಗಳಿವೆ. ಮರಾಠಿಯಲ್ಲಿ ‘ವೀರಗಳ’ ಎನ್ನುತ್ತಾರೆ. ಪದ ನಮ್ಮದು ಎಂದು ನಮ್ಮವರು ಎದೆಯುಬ್ಬಿಸುತ್ತಾರೆ, ಕಲ್ಲು ನಮ್ಮದು ಎಂದು ಅವರು. ಈ ಜಗಳದಲ್ಲಿ ಸತ್ತವನು ಯಾರೆಂದು ಇಬ್ಬರೂ ಕೇಳುವುದಿಲ್ಲ. ಮಹಾರಾಷ್ಟ್ರದ ಹೆಚ್ಚಿನ ಕಲ್ಲುಗಳ ಮೇಲೆ ಬರಹವಿಲ್ಲ; ಚಿತ್ರವೊಂದೇ ಸಾಕ್ಷಿ. ಆ ಸಾಕ್ಷಿಯ ಮೇಲೆ ಎಣ್ಣೆ, ಶೇಂದೂರ, ಈಚೆಗೆ ಆಯಿಲ್ ಪೇಂಟು. ಭಕ್ತಿಯಿಂದಲೇ ಬಳಿಯುತ್ತಾರೆ, ಒಪ್ಪೋಣ. ಒಂದು ತಲೆಮಾರು ಕಳೆಯುವುದರೊಳಗೆ ದನಗಳ ಸಾಲು ಅಳಿಸಿ, ಬಿಲ್ಲು ಅಳಿಸಿ, ಒಂದು ಕೆಂಪು ಉಂಡೆ ಉಳಿಯುತ್ತದೆ. ಸತ್ತವನು ದೇವರಾದ, ಯಾರು ಸತ್ತದ್ದೆಂಬುದು ಸತ್ತುಹೋಯಿತು.

ಹೆಸರು ಉಳಿದರೆ ಏನಾಗುತ್ತದೆಂಬುದಕ್ಕೂ ಇಲ್ಲೇ ಹತ್ತಿರದಲ್ಲಿ ನಿದರ್ಶನವಿದೆ. 1818ರ ಜನವರಿ 1ರ ಕಾಳಗದ ನೆನಪಿಗೆ ಕೋರೆಗಾಂವ್ ಭೀಮಾದಲ್ಲಿ ಈಸ್ಟ್ ಇಂಡಿಯಾ ಕಂಪನಿ ನಿಲ್ಲಿಸಿದ ಕಂಬ ತನ್ನ ಗೆಲುವಿನ ಜಂಬಕ್ಕಾಗಿ ನಿಂತದ್ದು. ಆದರೆ ಅದರ ಮೇಲೆ ಸತ್ತ 49 ಮಂದಿಯ ಹೆಸರುಗಳನ್ನು ಕೆತ್ತಿದರು. ಅವುಗಳಲ್ಲಿ 22 ಹೆಸರುಗಳು ‘ನಾಕ’ ಎಂದು ಮುಗಿಯುತ್ತವೆ, ಮಹಾರ್ ಸೈನಿಕರವು. 1927ರಲ್ಲಿ ಅಂಬೇಡ್ಕರ್ ಅಲ್ಲಿಗೆ ಹೋದಾಗ ಆ ಹೆಸರುಗಳು ಮಾತಾಡತೊಡಗಿದವು, ಕಂಪನಿ ಊಹಿಸದ ಮಾತನ್ನು. ‘ಅಮರ ವೀರರು’ ಎಂದಷ್ಟೇ ಬರೆಸಿದ್ದರೆ ಆ ಕಂಬವನ್ನು ಕಂಪನಿಯ ಜೊತೆಗೇ ಮರೆತಿರುತ್ತಿದ್ದರು.

ನಾವು ಕೇಂದ್ರ ಸರ್ಕಾರದ ನೌಕರಿಯವರು. ಕುಟುಂಬ ಪಿಂಚಣಿಯ ಕಡತಗಳು ಹೇಗಿರುತ್ತವೆಂದು ಬಲ್ಲೆವು. ಸತ್ತವರ ಹೆಸರು, ತಾರೀಕು, ಯಾರನ್ನು ಬಿಟ್ಟುಹೋದರು, ಅವರಿಗೆ ಎಷ್ಟು ಸಲ್ಲಬೇಕು. ಒಣ ಕಾಗದವೆಂದು ಕವಿಗಳು ಮೂಗು ಮುರಿಯಬಹುದು. ಆದರೆ ನೆತ್ತರುಗೊಡಗೆಯ ಕಲ್ಲಿಗೆ ಅದಕ್ಕಿಂತ ಹತ್ತಿರದ ನೆಂಟ ನಮ್ಮ ಕಾಲದಲ್ಲಿ ಬೇರೊಂದಿಲ್ಲ. ಆ ಕಡತ ತೆರೆಯದ ಸಾವುಗಳು ಈ ಕೈಗಾರಿಕಾ ಸೀಮೆಯಲ್ಲಿ ಎಷ್ಟೋ. 2023ರ ಡಿಸೆಂಬರ್ 8ರಂದು ಇಲ್ಲಿಗೆ ಸಮೀಪದ ತಳವಡೆಯಲ್ಲಿ, ಹುಟ್ಟುಹಬ್ಬದ ಕೇಕಿನ ಮೇಲೆ ಕಿಡಿ ಹಾರಿಸುವ ಮೇಣದಬತ್ತಿ ಮಾಡುವ ಘಟಕಕ್ಕೆ ಬೆಂಕಿ ಬಿದ್ದು ಕೆಲಸದ ಹೆಂಗಸರು ಸತ್ತರು. ನಮ್ಮ ನೆನಪಿನಲ್ಲಿ ಒಂದು ಸಂಖ್ಯೆಯಾಗಿ ಉಳಿದರು. ಅವರು ವೀರರಲ್ಲವಲ್ಲ ಎನ್ನುವವರಿಗೆ ಆತಕೂರಿನ ನಾಯಿಯನ್ನು ತೋರಿಸುತ್ತೇವೆ.

ನಮ್ಮ ಬಳಗದ ಮುಂದಿನ ವಾರ್ಷಿಕೋತ್ಸವಕ್ಕೆ ‘ಅಮರ ವೀರರು’ ಎಂಬ ಉಪನ್ಯಾಸವಿಡಬೇಕೆಂಬ ಸೂಚನೆ ಬಂದಿದೆ. ಬೇಡವೆನ್ನುತ್ತೇವೆ. ಆ ಭಾನುವಾರ ಸಿಟಿ ಬಸ್ಸು ಹಿಡಿದು ಸುತ್ತಲ ನಾಲ್ಕು ಹಳ್ಳಿಗಳ ಗುಡಿ ಅಂಗಳಕ್ಕೆ ಹೋಗೋಣ. ನೋಟುಪುಸ್ತಕ, ಅಳತೆ ಪಟ್ಟಿ, ಒಂದು ಕ್ಯಾಮೆರಾ ಸಾಕು. ಬಣ್ಣ ಕೆರೆಯುವ ಅಧಿಕಾರ ನಮಗಿಲ್ಲ, ಕೆರೆಯಬಾರದು. ಎಷ್ಟು ಪಟ್ಟಿ, ಕೈಯಲ್ಲಿ ಏನಿದೆ, ಎದುರಿಗೆ ಯಾರಿದ್ದಾರೆ, ದನಗಳಿವೆಯೇ ಎಂದು ಬರೆದುಕೊಳ್ಳೋಣ. ಪೂಜಾರಿಯನ್ನೂ ಊರಿನ ಮುದುಕಿಯರನ್ನೂ ಕೇಳೋಣ. ಮರಾಠಿ ಬಲ್ಲವರು ಇಬ್ಬರಾದರೂ ಜೊತೆಗಿರಲಿ.