ಹತ್ತನೇ ಕ್ಲಾಸಿನ ಫೇಲಿಗೆ ಏಳನೇ ಕ್ಲಾಸಿನ ಮದ್ದು

ಹತ್ತರಲ್ಲಿ ಡುಮ್ಕಿ ಹೊಡೆದ ಮಕ್ಕಳನ್ನು ಕೂರಿಸಿ ಬುಡದಿಂದ ಪಾಠ ಹೇಳಬೇಕು ಅಂದರೆ ಸಾಕು, ಹಿಂದೂಪುರವಾಗಲಿ ಕಲ್ಯಾಣದುರ್ಗವಾಗಲಿ, ಎದುರು ಬರುವ ಮಾತುಗಳು ಹೆಚ್ಚುಕಡಿಮೆ ಒಂದೇ.

"ಓದು ತಲೆಗೆ ಹತ್ತದವರಿಗೆ ಎಷ್ಟು ಹೇಳಿದರೂ ಅಷ್ಟೇ." ಹಾಗಾದರೆ 2022ರ ಫಲಿತಾಂಶಕ್ಕೆ ಏನು ಹೇಳುತ್ತೀರಿ? ಆ ವರ್ಷ ಆಂಧ್ರದಲ್ಲಿ ಪಾಸಾದವರು ಶೇ. 67.26. ನಮ್ಮ ಹಳೆಯ ಅನಂತಪುರ ಜಿಲ್ಲೆ ರಾಜ್ಯಕ್ಕೇ ಕೊನೆ, ಶೇ. 49.70. ಜಿಲ್ಲೆಯ ಅರ್ಧ ಮಕ್ಕಳು ಒಂದೇ ವರ್ಷ ದಡ್ಡರಾಗಿಬಿಟ್ಟರೇ? ಅವರು ಎಂಟರಲ್ಲಿದ್ದಾಗ ಶಾಲೆ ಮುಚ್ಚಿತು, ಒಂಬತ್ತು ಅರೆಬರೆ ನಡೆಯಿತು. ಕೊರೋನಾ ಎಲ್ಲ ಜಿಲ್ಲೆಗೂ ಬಂದಿತ್ತಲ್ಲ ಎನ್ನಬಹುದು. ಬಂದಿತ್ತು. ಆದರೆ ಮಳೆ ಕೈಕೊಟ್ಟು ಕಡಲೇಕಾಯಿ ಒಣಗಿದ ವರ್ಷ ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಕೂಲಿಗೆ ಹೋಗುವ ಪಾಡು ಎಲ್ಲ ಜಿಲ್ಲೆಗೂ ಇಲ್ಲ.

"ಟ್ಯೂಷನ್‌ಗೆ ಹಾಕಿ, ನಾಲ್ಕಕ್ಕೆ ಎಬ್ಬಿಸಿ ಓದಿಸಿ." ಏನನ್ನು ಓದಿಸುವುದು? ಒಂದು ವರ್ಗ ಸಮೀಕರಣ ತೆಗೆದುಕೊಳ್ಳಿ. ಎಕ್ಸ್ ವರ್ಗದ ಸಹಗುಣಕ 1, ಎಕ್ಸ್‌ನ ಸಹಗುಣಕ ಋಣ 7, ಕೊನೆಯ ಪದ 10. ಹುಡುಗ ಸೂತ್ರವನ್ನು ತಪ್ಪಿಲ್ಲದೆ ಬರೆಯುತ್ತಾನೆ. ಋಣ 7ರ ವರ್ಗ ಬಂದಾಗ ಮಾತ್ರ ಋಣ 49 ಎಂದು ಹಾಕುತ್ತಾನೆ. ಅದರಲ್ಲಿ 40 ಕಳೆದರೆ ಋಣ 89. ವರ್ಗಮೂಲ ಸಿಗುವುದಿಲ್ಲ, ಪೆನ್ನು ಅಲ್ಲೇ ನಿಲ್ಲುತ್ತದೆ. ಚಿಹ್ನೆ ಸರಿಯಿದ್ದಿದ್ದರೆ 9 ಉಳಿದು, ಉತ್ತರ 5 ಮತ್ತು 2 ಎಂದು ಎರಡು ಸಾಲಿನಲ್ಲಿ ಮುಗಿಯುತ್ತಿತ್ತು. ಅವನಿಗೆ ಬಾರದೇ ಇರುವುದು ಹತ್ತನೇ ಕ್ಲಾಸಿನ ಪಾಠವಲ್ಲ, ಏಳನೆಯದು. ಟ್ಯೂಷನ್ ಮೇಷ್ಟ್ರು ಅದೇ ಸೂತ್ರವನ್ನು ನೂರು ಸಲ ಬರೆಸಿದರೂ ಋಣ 49 ಎಂಬುದು ಋಣ 49 ಆಗಿಯೇ ಉಳಿಯುತ್ತದೆ. ಮುಂಬೈ, ವಡೋದರದ ಶಾಲೆಗಳಲ್ಲಿ 'ಪ್ರಥಮ್' ಸಂಸ್ಥೆ ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ, ಅದೇ ಊರಿನ ಹುಡುಗಿಯರಿಂದ ಬರೀ ಬುನಾದಿ ಪಾಠ ಹೇಳಿಸಿತು. ಅಂಕ ಏರಿದ್ದನ್ನು ಅಳೆದು ತೋರಿಸಿದವರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಇದ್ದರು. 2019ರಲ್ಲಿ ನೊಬೆಲ್ ಪಡೆದವರಲ್ಲಿ ಅವರಿಬ್ಬರೂ ಇದ್ದಾರೆ.

"ಕನ್ನಡ ಮೀಡಿಯಂ ಅಂತಲೇ ಹೀಗಾಯ್ತು." ಮೀಡಿಯಂ ಬದಲಾದರೆ ಋಣವನ್ನು ಋಣದಿಂದ ಗುಣಿಸಿದರೆ ಧನವಾಗುವ ನಿಯಮ ಬದಲಾಗುತ್ತದೆಯೇ? ಆಂಧ್ರದ ಹತ್ತನೇ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಕನ್ನಡ ಶಾಲೆಗೆ ಪುಸ್ತಕ ತಡ, ಮೇಷ್ಟ್ರು ಸಾಲದು ಎಂಬ ದೂರಿದೆ. ಅದಕ್ಕೆ ಕಚೇರಿಯಲ್ಲಿ ಜಗಳವಾಡೋಣ. ಫೇಲಾದ ವರ್ಷವೇ ಮಗುವಿನ ಭಾಷೆಯನ್ನೂ ಕಿತ್ತುಕೊಳ್ಳುವುದು ಮಾತ್ರ ಬೇಡ.

"ಎಂಟರವರೆಗೆ ಫೇಲ್ ಮಾಡಬಾರದು ಅಂದ ಕಾನೂನಿನಿಂದ ಹಾಳಾಯ್ತು." ಇದರಲ್ಲಿ ಅರ್ಧ ಹುರುಳಿದೆ. ಆದರೆ 2009ರ ಅದೇ ಕಾಯ್ದೆ, ಪ್ರತಿ ಮಗುವಿನ ಕಲಿಕೆಯನ್ನು ಅಳೆದು ಬೇಕಾದವರಿಗೆ ಹೆಚ್ಚುವರಿ ಪಾಠ ಹೇಳುವುದು ಶಿಕ್ಷಕರ ಕರ್ತವ್ಯ ಎಂದೂ ಹೇಳಿದೆ. ಫೇಲ್ ಮಾಡಲು ದಾರಿ ಬಿಟ್ಟ 2019ರ ತಿದ್ದುಪಡಿ ಕೂಡ, ಮೊದಲು ಹೆಚ್ಚುವರಿ ಪಾಠ, ಎರಡು ತಿಂಗಳೊಳಗೆ ಮರುಪರೀಕ್ಷೆ ಎನ್ನುತ್ತದೆ. ಸುಲಭದ ಅರ್ಧವನ್ನು ಜಾರಿ ಮಾಡಿ, ಕಷ್ಟದ ಅರ್ಧವನ್ನು ಬಿಟ್ಟವರು ನಾವು.

"ಸಪ್ಲಿಮೆಂಟರಿಯಲ್ಲಿ ಪಾಸಾದರೆ ಏನು ಮರ್ಯಾದೆ, ಮುಂದಿನ ವರ್ಷ ಕಟ್ಟಿಸಿ." 2022ರಲ್ಲಿ ಫಲಿತಾಂಶ ಬಂದದ್ದು ಜೂನ್ 6ಕ್ಕೆ, ಸಪ್ಲಿಮೆಂಟರಿ ಶುರುವಾದದ್ದು ಜುಲೈ 6ಕ್ಕೆ. ಅದರಲ್ಲಿ ಪಾಸಾದವರನ್ನೂ ರೆಗ್ಯುಲರ್ ಎಂದೇ ಪರಿಗಣಿಸುವುದಾಗಿ ಸರ್ಕಾರವೇ ಹೇಳಿತು. ಇನ್ನು ಒಂದು ವರ್ಷ ಮನೆಯಲ್ಲಿ ಕೂತ ಹುಡುಗಿಯನ್ನು ಹುಡುಕಿಕೊಂಡು ಬರುವುದು ಪುಸ್ತಕವಲ್ಲ, ಗಂಡಿನ ಕಡೆಯವರು. ಇರುವ ಒಂದು ತಿಂಗಳಲ್ಲಿ ಇಡೀ ಪುಸ್ತಕ ಮುಗಿಸಲು ಹೊರಡಬೇಡಿ. ಮೊದಲ ಹತ್ತು ದಿನ ಚಿಹ್ನೆ, ಭಿನ್ನರಾಶಿ, ಶೇಕಡಾ. ಆಮೇಲೆ ಸಂಖ್ಯಾಶಾಸ್ತ್ರ, ಸಂಭವನೀಯತೆ, ಅದೇ ವರ್ಗ ಸಮೀಕರಣ. ಬೇಕಾದ್ದು 35.