ನಗೆ ಮರೆತ ಅಸ್ಸಿ

ಕಾಶಿಯೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ಗಂಗೆ ಮತ್ತು ವಿಶ್ವನಾಥ. ಅಸ್ಸಿ ಘಟ್ಟದ ಬಳಿಯ ಚಹಾದಂಗಡಿಯೂ ಆ ಊರಿನ ಒಂದು ಪೀಠವೆಂಬುದನ್ನು ಬಲ್ಲವರು ಕಡಿಮೆ. ನಾನಾ ಪಕ್ಷದವರು ಒಂದೇ ಬೆಂಚಿನ ಮೇಲೆ ಕುಳಿತು, ಬಯ್ಗುಳವನ್ನೂ ಪ್ರೀತಿಯಿಂದ ಹಂಚಿಕೊಳ್ಳುತ್ತ ದೇಶದ ರಾಜಕೀಯವನ್ನು ಜಾಲಾಡುವ ಹರಟೆಯನ್ನು ಕಾಶೀನಾಥ ಸಿಂಗ್ ಅವರು ‘ಕಾಶಿ ಕಾ ಅಸ್ಸಿ’ ಎಂಬ ಹಿಂದಿ ಕೃತಿಯಲ್ಲಿ ಹಿಡಿದಿಟ್ಟರು. ಅದನ್ನಾಧರಿಸಿ ಚಂದ್ರಪ್ರಕಾಶ ದ್ವಿವೇದಿಯವರು ನಿರ್ದೇಶಿಸಿದ ‘ಮೊಹಲ್ಲಾ ಅಸ್ಸಿ’ ಚಿತ್ರವು ಸೆನ್ಸಾರ್ ಹಾಗೂ ನ್ಯಾಯಾಲಯಗಳ ತೊಡಕುಗಳನ್ನು ದಾಟಿ 2018ರ ನವೆಂಬರಿನಲ್ಲಿ ತೆರೆ ಕಂಡಿತು. ಅಷ್ಟು ಕಾದವರಿಗೆ ದೊರೆತದ್ದು ನಿರಾಶೆ.

ವಿವಾದಕ್ಕೆ ಗುರಿಯಾದ ಬಯ್ಗುಳಗಳು ಯಾರಿಗೂ ಅಷ್ಟು ಬೇಸರ ತರಲಾರವು; ಬೇಸರ ತರುವುದು ಭಾಷಣ. ಮಂಡಲ್ ವರದಿ, ಅಯೋಧ್ಯೆ ಎಲ್ಲವೂ ಒಂದರ ಮೇಲೊಂದು ಬಂದೆರಗಲು, ಚಹಾದಂಗಡಿಯ ಪಾತ್ರಗಳು ಹರಟೆಯನ್ನು ಮರೆತು ಸಭೆಯನ್ನುದ್ದೇಶಿಸಿ ಮಾತನಾಡತೊಡಗುತ್ತವೆ.

ಚಿತ್ರದ ಜೀವವಿರುವುದು ಧರ್ಮನಾಥ ಪಾಂಡೆಯ ಮನೆಯೊಳಗೆ. ವಿದೇಶಿಯರಿಗೆ ಬಾಡಿಗೆಗೆ ಕೊಡಕೂಡದೆಂದು ಹಟ ಹಿಡಿದ ಸಂಸ್ಕೃತ ಪಂಡಿತ ಆತ. ತಿಂಗಳ ಖರ್ಚನ್ನು ತೂಗಿಸಲಾರದೆ ಸೋತವಳು ಹೆಂಡತಿ ಸಾವಿತ್ರಿ. ಕಡೆಗೆ ಹಟ ಸಡಿಲಿದಾಗ, ವಿದೇಶಿ ಮಹಿಳೆಗೆ ಬೇಕಾದ ಶೌಚಾಲಯಕ್ಕೆ ಮನೆಯಲ್ಲಿ ಉಳಿದ ಸ್ಥಳವೋ ಶಿವನಿರುವ ಜಾಗವೊಂದೇ! ನಗೆಯೂ ಸಂಕಟವೂ ಒಂದೇ ಹೊಸ್ತಿಲಲ್ಲಿ ನಿಂತ ಸನ್ನಿವೇಶವಿದು. ಮಹಾನಗರದ ಎರಡು ಕೋಣೆಯ ಮನೆಯಲ್ಲಿ ದೇವರ ಗೂಡಿಗೆ ಗೋಡೆ ಹುಡುಕಿದ ಕನ್ನಡಿಗರಿಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಾಕ್ಷಿ ತನ್ವರ್ ಆ ಗೃಹಿಣಿಯ ಚಿಂತೆಯನ್ನು ಮುಖದಲ್ಲಿಯೇ ತೋರಿಸಿದ್ದಾರೆ. ಪಂಡಿತನಾದ ಸನ್ನಿ ದೇವಲ್ ಅವರಿಗೆ ಗರ್ಜನೆಯ ಅಭ್ಯಾಸವೇ ಹೆಚ್ಚು. ನಿರ್ದೇಶಕರಾದರೋ ಸಾವಿತ್ರಿಯನ್ನು ಅವಳ ಅಡುಗೆಮನೆಯಲ್ಲಿಯೇ ಬಿಟ್ಟು, ಮತ್ತೆ ಭಾಷಣ ಕೇಳಲು ಚಹಾದಂಗಡಿಗೆ ಧಾವಿಸುತ್ತಾರೆ.