ಶಾಲು ಸಾಕು, ಸೀಟು ಬಿಡಿ

2025ರ ಸೆಪ್ಟೆಂಬರ್ 30ರಂದು ಸುರೇಖಾ ಯಾದವ್ ಸೆಂಟ್ರಲ್ ರೈಲ್ವೆಯಿಂದ ನಿವೃತ್ತರಾದರು. ಏಷ್ಯಾದ ಮೊದಲ ಮಹಿಳಾ ರೈಲು ಚಾಲಕಿ ಎಂದು ಎಲ್ಲರೂ ಹೊಗಳಿದರು. ಹೊಗಳಬೇಕಾದದ್ದೇ. ಸಾತಾರಾದ ರೈತರ ಮನೆಯ ಹುಡುಗಿ, ಕರಾಡದಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ಕಲ್ಯಾಣದ ತರಬೇತಿ ಶಾಲೆಯಲ್ಲಿ ಇಂಜಿನ್ ಕಲಿತು, ವಾಡಿ ಬಂದರಿನಿಂದ ಕಲ್ಯಾಣಕ್ಕೆ ಹೋಗುವ ಗೂಡ್ಸ್ ಗಾಡಿಯಲ್ಲಿ ಸಹಾಯಕಿಯಾಗಿ ಕೆಲಸ ಶುರು ಮಾಡಿದವರು. 2000ದಲ್ಲಿ ಲೇಡೀಸ್ ಸ್ಪೆಷಲ್ ಲೋಕಲ್ ಓಡಿಸಿದರು. 2011ರ ಮಾರ್ಚ್ 8ರಂದು ಪುಣೆಯಿಂದ ಘಾಟಿ ಇಳಿಸಿ ಡೆಕ್ಕನ್ ಕ್ವೀನ್ ತಂದರು. 2023ರ ಮಾರ್ಚ್‌ನಲ್ಲಿ ಸೋಲಾಪುರದಿಂದ ಮುಂಬಯಿಗೆ ವಂದೇ ಭಾರತ್ ತಂದರು. ಇವಿಷ್ಟೂ ಗಾಡಿಗಳು ನಮ್ಮ ದಿವಾ ಸ್ಟೇಷನ್ ದಾಟಿಕೊಂಡೇ ಹೋಗಬೇಕು. ಡೆಕ್ಕನ್ ಕ್ವೀನ್, ವಂದೇ ಭಾರತ್‌ಗಳೇನೂ ಇಲ್ಲಿ ನಿಲ್ಲುವುದಿಲ್ಲ, ಆ ಮಾತು ಬೇರೆ.

ಅವರು ಮೊದಲಿಗರಾದದ್ದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಆ ಮೇಲಿನ 36 ವರ್ಷ. ಇಂಜಿನ್ ಹತ್ತಿದ ದಿನ ಫೋಟೋ ತೆಗೆಯುವವರು ಇರುತ್ತಾರೆ. ಮಳೆಗಾಲದ ರಾತ್ರಿ ಎರಡು ಗಂಟೆಗೆ ಸಿಗ್ನಲ್ ಸಿಗದೆ ಗೂಡ್ಸ್ ಗಾಡಿ ನಿಂತಿರುವಾಗ ಯಾರಿರುತ್ತಾರೆ? ಇಂಜಿನ್‌ನಲ್ಲಿ ಶೌಚಾಲಯ ಇಲ್ಲ ಎನ್ನುವುದು ಹೆಣ್ಣು ಲೋಕೋ ಪೈಲಟ್‌ಗಳ ಹಳೆಯ ದೂರು. ಗಂಡಸರೂ ಅದನ್ನು ಹೇಳುತ್ತಲೇ ಬಂದಿದ್ದಾರೆ. ಆದರೆ ತಿಂಗಳ ದಿನಗಳಲ್ಲಿ, ಬಸುರಿಯಾದಾಗ ಆ ಕಷ್ಟವೇ ಬೇರೆ. ಮೊದಲಿಗಳಿಗೆ ಹಾರ ಹಾಕಿ ಮೂರು ದಶಕ ಕಳೆದರೂ ಎರಡನೆಯವಳು, ಇನ್ನೂರನೆಯವಳು ನೀರು ಕುಡಿಯದೆ ಡ್ಯೂಟಿಗೆ ಹೋಗುವ ಪರಿಸ್ಥಿತಿ ಪೂರ್ತಿ ತಪ್ಪಿಲ್ಲ ಎಂದಾದರೆ, ಆ ಹಾರ ಹಾಕಿದ್ದು ಯಾರಿಗಾಗಿ?

ನನ್ನ ಜಗಳ ಇರುವುದು ಇಲ್ಲಿ. ಪ್ರಥಮ ಮಹಿಳೆಯನ್ನು ಕೊಂಡಾಡುವುದು ನಮಗೆ ಸುಲಭ, ಏಕೆಂದರೆ ಅದಕ್ಕೆ ನಾವು ಏನನ್ನೂ ಬಿಟ್ಟುಕೊಡಬೇಕಾಗಿಲ್ಲ. ಅವಳು ಹೋರಾಡಿ ಗೆದ್ದಾಯಿತು, ನಾವು ಚಪ್ಪಾಳೆ ತಟ್ಟಿದರೆ ಮುಗಿಯಿತು. ಅದೇ ಒಬ್ಬಳು ಮೂವತ್ತು ವರ್ಷ ಕೆಲಸಕ್ಕೆ ಹೋಗಿ ಬರಬೇಕಾದರೆ ಮನೆಯವರು, ನೆರೆಯವರು, ಆಫೀಸು, ರೈಲು ಎಲ್ಲರೂ ಒಂದಿಷ್ಟು ಸರಿದು ಕೂರಬೇಕಾಗುತ್ತದೆ. ಸರಿಯುವುದು ಯಾರಿಗೂ ಇಷ್ಟವಿಲ್ಲ. ದಿವಾದ ಪ್ಲಾಟ್‌ಫಾರ್ಮಿನಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಒಮ್ಮೆ ನಿಂತರೆ ಇದು ಗೊತ್ತಾಗುತ್ತದೆ.

ದಿವಾ ಹೆಸರಿಗೆ ಜಂಕ್ಷನ್. ವಸಾಯಿಗೆ, ಪನ್ವೇಲಿಗೆ, ಅಲ್ಲಿಂದ ಮುಂದೆ ಕೊಂಕಣಕ್ಕೆ ಇಲ್ಲಿಂದಲೇ ಹಳಿ ಕವಲೊಡೆಯುತ್ತದೆ. ಮುಂಬಯಿಗೆ ಹೋಗುವ ಲೋಕಲ್ ಮಾತ್ರ ಕಲ್ಯಾಣ, ಡೊಂಬಿವಲಿಗಳಲ್ಲೇ ತುಂಬಿಕೊಂಡು ಬರುತ್ತದೆ. ಗಾಡಿ ನಿಂತರೂ ಬಾಗಿಲಲ್ಲಿ ನಿಂತವರು ಒಳಗೆ ಬಿಡುವುದಿಲ್ಲ, ಬಿಡಲು ಅವರಿಗೂ ಜಾಗ ಇರುವುದಿಲ್ಲ. 2015ರ ಜನವರಿ 2ರಂದು ಇಲ್ಲಿಯ ಜನ ಹಳಿಯ ಮೇಲೆ ಕೂತು ರೈಲು ತಡೆದದ್ದು, ಕಲ್ಲು ತೂರಾಟವಾದದ್ದು ಹಲವರಿಗೆ ನೆನಪಿರಬಹುದು. ಫಾಸ್ಟ್ ಲೋಕಲ್‌ಗಳು ದಿವಾದಲ್ಲಿ ನಿಲ್ಲತೊಡಗಿದ್ದು 2016ರ ಡಿಸೆಂಬರ್‌ನಲ್ಲಿ. ದಿವಾದಿಂದಲೇ ಹೊರಡುವ ಲೋಕಲ್ ಕೊಡಿ ಎಂಬ ಬೇಡಿಕೆ ಅದಕ್ಕಿಂತಲೂ ಹಳೆಯದು. 2025ರ ಜೂನ್ 9ರಂದು ಇಲ್ಲಿಂದ ಕೂಗಳತೆಯಲ್ಲಿ, ಮುಂಬ್ರಾದ ತಿರುವಿನಲ್ಲಿ, ಬಾಗಿಲಿಗೆ ನೇತುಬಿದ್ದಿದ್ದವರು ಕೆಳಗೆ ಬಿದ್ದು ಸತ್ತರು.

ಇಂಥ ಸ್ಟೇಷನ್ನಿನಿಂದ ನನ್ನ ಚಿಕ್ಕಮ್ಮ ದಾದರ್ ಕಡೆಯ ಒಂದು ಹೆರಿಗೆ ಆಸ್ಪತ್ರೆಗೆ ಆಯಾ ಕೆಲಸಕ್ಕೆ ಹೋಗುತ್ತಿದ್ದರು. ಚಿಕ್ಕಪ್ಪನ ಹೋಟೆಲ್ ಕೆಲಸ ಹೋದ ಮೇಲೆ, ಊರಿಗೆ ಮರಳುವ ಬದಲು, ದಿವಾದ ಚಾಳಿನಲ್ಲಿ ಒಂದು ಕೋಣೆ ಹಿಡಿದು ನಿಂತವರು ಅವರು. ಹತ್ತಲಾಗದ ಗಾಡಿಗೆ ದಿವಾದ ಹೆಂಗಸರು ಕಂಡುಕೊಂಡ ಉಪಾಯ ಡೌನ್ ಹೋಗುವುದು. ಅಂದರೆ, ಮುಂಬಯಿಗೆ ಹೋಗಬೇಕಾದವರು ಮೊದಲು ಉಲ್ಟಾ ಡೊಂಬಿವಲಿಗೋ ಕಲ್ಯಾಣಕ್ಕೋ ಹೋಗಿ, ಅಲ್ಲಿ ಇಳಿಯದೆ ಅದೇ ಗಾಡಿಯಲ್ಲಿ ಕೂತು ವಾಪಸು ಬರುವುದು. ಡೊಂಬಿವಲಿಯವರಿಗೆ ಇದು ಕಂಡರಾಗದು. ತಮ್ಮ ಊರಿನ ಗಾಡಿಯಲ್ಲಿ ಇವರು ಮೊದಲೇ ಬಂದು ಕೂತಿರುತ್ತಾರಲ್ಲ! ಲೇಡೀಸ್ ಡಬ್ಬದಲ್ಲಿ ಜುಟ್ಟು ಹಿಡಿಯುವವರೆಗೂ ಜಗಳ ಹೋದದ್ದುಂಟು. ಇಬ್ಬರದ್ದೂ ನ್ಯಾಯವೇ. ಅನ್ಯಾಯ ಟೈಮ್‌ಟೇಬಲ್ಲಿನದು.

ಲೇಡೀಸ್ ಡಬ್ಬಕ್ಕೂ ಪಕ್ಕದ ಜನರಲ್ ಡಬ್ಬಕ್ಕೂ ನಡುವೆ ಕೆಲವು ಗಾಡಿಗಳಲ್ಲಿ ಬರೀ ಜಾಲರಿ ಇರುತ್ತದೆ. ಆ ಜನರಲ್ ಡಬ್ಬಕ್ಕೆ ಗಂಡಸರು ವಿಡಿಯೋ ಕೋಚ್ ಎಂದು ಹೆಸರಿಟ್ಟಿದ್ದಾರೆ. ಈ ನಗರದ ಗಂಡಸರ ಬುದ್ಧಿಗೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಆ ಜಾಲರಿಯ ಆಚೆ ನಾನು ಕಂಡ ಲೋಕದಲ್ಲಿ ಒಬ್ಬಳು ಪ್ಲಾಸ್ಟಿಕ್ ಚೀಲ ಮಡಿಲಲ್ಲಿ ಹರಡಿ ಮೆಂತೆ ಸೊಪ್ಪು ಬಿಡಿಸುತ್ತಿರುತ್ತಾಳೆ, ರಾತ್ರಿಯ ಅಡುಗೆ ಘಾಟ್ಕೋಪರ್‌ನಲ್ಲೇ ಶುರುವಾಗಿರುತ್ತದೆ. ಮೂರು ಜನರ ಸೀಟಿನ ತುದಿಯಲ್ಲಿ ನಾಲ್ಕನೆಯವಳು ಅರ್ಧ ಕೂತು ಅರ್ಧ ತೂಗುತ್ತಿರುತ್ತಾಳೆ. ಹತ್ತಿದವಳು ಮೊದಲು ಕೇಳುವುದು 'ಕಹಾಂ ಉತರೋಗಿ?' ಎಂದೇ. ಥಾಣೆ ಎಂದವಳ ಸೀಟು ಥಾಣೆ ಬರುವ ಮೊದಲೇ ಬುಕ್. ಸಂಕ್ರಾಂತಿಯ ನಂತರ ಅರಿಶಿನ ಕುಂಕುಮ, ದಸರಾಕ್ಕೆ ಡಬ್ಬಕ್ಕೆ ತೋರಣ ಎಲ್ಲ ಅಲ್ಲೇ.

ಚಿಕ್ಕಮ್ಮನ ನಿವೃತ್ತಿಯ ದಿನ ಆಸ್ಪತ್ರೆಯವರು ಒಂದು ಗೋಡೆ ಗಡಿಯಾರ ಕೊಟ್ಟರು. ಅವರ ಡಬ್ಬದ ಗುಂಪಿನವರು ಕೊಟ್ಟದ್ದು ಡೊಂಬಿವಲಿಯಿಂದ ದಾದರ್‌ವರೆಗೆ ಕಿಟಕಿ ಸೀಟು. ಉಡಿ ತುಂಬಿ, ತೆಂಗಿನಕಾಯಿ ಕೊಟ್ಟು, ಅವರನ್ನು ಕೂರಿಸಿ, ತಾವು ಇಡೀ ದಾರಿ ನಿಂತುಕೊಂಡು ಬಂದರಂತೆ. ಗಡಿಯಾರ ಈಗಲೂ ಅದರ ಪೆಟ್ಟಿಗೆಯಲ್ಲೇ ಇದೆ. ಕಿಟಕಿ ಸೀಟಿನ ಕತೆ ಮಾತ್ರ ಮನೆಗೆ ಬಂದ ಎಲ್ಲರಿಗೂ ಹೇಳಿ ಆಗಿದೆ.

ಮೊದಲಿಗಳನ್ನಷ್ಟೇ ನೆನೆಯುವ ನಮ್ಮ ಅಭ್ಯಾಸ ಹೊಸದಲ್ಲ. ದಿವಾದಿಂದ ನಾಲ್ಕನೇ ಸ್ಟೇಷನ್ ಕಲ್ಯಾಣ. ಅಲ್ಲಿಗೆ ರೈಲು ಬಂದದ್ದು 1854ರಲ್ಲಿ. ಅದಾಗಿ ಹನ್ನೊಂದು ವರ್ಷಕ್ಕೆ, 1865ರ ಮಾರ್ಚ್ 31ರಂದು, ಅದೇ ಊರಲ್ಲಿ ಯಮುನಾ ಎಂಬ ಹುಡುಗಿ ಹುಟ್ಟಿದಳು. ಒಂಬತ್ತಕ್ಕೆ ಮದುವೆ. ಹದಿನಾಲ್ಕಕ್ಕೆ ಹೆತ್ತ ಮಗು ಹತ್ತೇ ದಿನ ಬದುಕಿತು. ಹೆಣ್ಣಿಗೆ ಹೆಣ್ಣು ಡಾಕ್ಟರು ಬೇಕೆಂದು ಹಟ ಹಿಡಿದು, 1883ರಲ್ಲಿ ಕಲ್ಕತ್ತೆಯಿಂದ ಗಂಡನ ಜೊತೆಯಿಲ್ಲದೆ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ, 1886ರ ಮಾರ್ಚ್ 11ರಂದು ಫಿಲಡೆಲ್ಫಿಯಾದಲ್ಲಿ ಎಂ.ಡಿ. ಪದವಿ ಪಡೆದ ಆನಂದಿಬಾಯಿ ಜೋಶಿ ಇವಳೇ. ವಿಕ್ಟೋರಿಯಾ ರಾಣಿಯವರೆಗೂ ಅಭಿನಂದನೆ ಹೇಳಿದವರೇ. ಕೊಲ್ಹಾಪುರದ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ನೇಮಕವೂ ಆಗಿತ್ತು. ಊರಿಗೆ ಬರುವಷ್ಟರಲ್ಲಿ ಕ್ಷಯ ಅವಳನ್ನು ತಿಂದು ಹಾಕಿತ್ತು. 1887ರ ಫೆಬ್ರವರಿ 26ರಂದು ತೀರಿಹೋದಾಗ ಇಪ್ಪತ್ತೆರಡು ತುಂಬಿರಲಿಲ್ಲ. ಮೊದಲಿಗಳಾದಳು, ಮುಂದುವರಿಯಲು ಆಯುಷ್ಯ ಸಿಗಲಿಲ್ಲ.

ಮುಂದುವರಿದದ್ದು ರಖಮಾಬಾಯಿ. ಮುಂಬಯಿಯವರೇ, ಆನಂದಿಬಾಯಿಯ ಓರಗೆಯವರು. ಹನ್ನೊಂದನೇ ವಯಸ್ಸಿಗೆ ಆದ ಮದುವೆಯನ್ನು ಒಪ್ಪದೆ, ಗಂಡನ ಮನೆಗೆ ಹೋಗು ಇಲ್ಲವೇ ಆರು ತಿಂಗಳು ಜೈಲಿಗೆ ಹೋಗು ಎಂದ ಕೋರ್ಟಿಗೆ ಜೈಲೇ ವಾಸಿ ಎಂದವರು. ಲಂಡನ್ನಿನಲ್ಲಿ ಓದಿ 1894ರಲ್ಲಿ ಡಾಕ್ಟರಾಗಿ ಬಂದು ಸೂರತ್, ರಾಜಕೋಟೆಗಳಲ್ಲಿ ಸುಮಾರು 35 ವರ್ಷ ಹೆಂಗಸರ ನಾಡಿ ಹಿಡಿದರು. ಶಾಲೆಯ ಮಕ್ಕಳನ್ನು ಕೇಳಿ ನೋಡಿ, ಆನಂದಿಬಾಯಿ ಹೆಸರು ಹೇಳುತ್ತಾರೆ. ರಖಮಾಬಾಯಿಯ ಹೆಸರು ಕೇಳಿದರೆ ಮೇಷ್ಟರ ಮುಖ ನೋಡುತ್ತಾರೆ.

ಆನಂದಿಬಾಯಿಯ ಆ ಪದವಿ ಸಮಾರಂಭದಲ್ಲಿ ಒಬ್ಬ ನೆಂಟಳು ಕೂತಿದ್ದಳು. ನಮ್ಮ ಕಡೆಯವಳು. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ. ಅಪ್ಪ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕೆ ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ಉತ್ತರ ಹೇಳಬೇಕಾಯಿತು. ಶಾಸ್ತ್ರಗ್ರಂಥಗಳಿಂದಲೇ ಆಧಾರ ತೆಗೆದು ತೋರಿಸಿ, ಹೆಣ್ಣಿಗೆ ಕಲಿಸುವುದು ತಪ್ಪಲ್ಲ ಎಂದು ಅವರು ವಾದಿಸಿದರು. ಆಮೇಲೆ ಮಗಳಿಗೆ ಕಲಿಸಿದ್ದು ಲಕ್ಷ್ಮೀಬಾಯಿ. ಹಗಲೆಲ್ಲ ಆಶ್ರಮದ ಕೆಲಸ. ಬಿಡುವು ಸಿಗುತ್ತಿದ್ದದ್ದು ಬೆಳಗಿನ ಜಾವವೊಂದೇ. ನೆಲದ ಹಾಸಿಗೆಯಲ್ಲಿ ನಿದ್ದೆಗಣ್ಣಿನ ಮಗಳನ್ನು ಮುದ್ದು ಮಾಡಿ ಎಬ್ಬಿಸಿ, ಹಕ್ಕಿ ಕೂಗುವ ಹೊತ್ತಿಗೆ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ಮುಂದೆ ಅಪ್ಪ ಅಮ್ಮ ಇಬ್ಬರೂ ಬರಗಾಲದಲ್ಲಿ, ಯಾತ್ರೆಯ ದಾರಿಯಲ್ಲೇ ಸತ್ತರು. ಆ ಪಾಠದ ಬಲದಿಂದಲೇ ರಮಾಬಾಯಿ ಕಲ್ಕತ್ತೆಯ ವಿದ್ವಾಂಸರಿಂದ ಪಂಡಿತಾ ಎನಿಸಿಕೊಂಡದ್ದು. 1889ರ ಮಾರ್ಚ್ 11ರಂದು, ಆನಂದಿಬಾಯಿಗೆ ಪದವಿ ಸಿಕ್ಕ ದಿನಕ್ಕೆ ಸರಿಯಾಗಿ ಮೂರು ವರ್ಷಕ್ಕೆ, ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಆಮೇಲೆ ಪುಣೆಯ ಹತ್ತಿರದ ಕೇಡಗಾವ್‌ನಲ್ಲಿ ಮುಕ್ತಿ ಮಿಷನ್. ಬರದಲ್ಲಿ ಅನಾಥರಾದ ನೂರಾರು ಹುಡುಗಿಯರನ್ನು ಅಲ್ಲಿಗೆ ತಂದು, ನೇಯ್ಗೆ, ಹೈನು, ಅಚ್ಚುಕೂಟದ ಕೆಲಸ ಕಲಿಸಿದರು. ಕನ್ನಡ ನಾಡಿನ ನಂಟೂ ಪೂರ್ತಿ ಹರಿಯಲಿಲ್ಲ, ಕಲಬುರ್ಗಿಯಲ್ಲೊಂದು ಶಾಲೆ ತೆರೆದು ಮಗಳು ಮನೋರಮೆ ಅದರ ಮುಖ್ಯಸ್ಥೆಯಾದಳು.

ರಮಾಬಾಯಿ ಕ್ರೈಸ್ತ ಮತಕ್ಕೆ ಸೇರಿದ್ದಕ್ಕೆ ಆ ಕಾಲದ ಪತ್ರಿಕೆಗಳು ಬೈದದ್ದು ಸ್ವಲ್ಪವಲ್ಲ. ಆ ವಾದದಲ್ಲಿ ನಾನು ಇಳಿಯುವುದಿಲ್ಲ. ನನ್ನ ಕಣ್ಣು ಆ ಅಚ್ಚುಕೂಟದ ಮೇಲೆ. ಮೊಳೆ ಜೋಡಿಸಲು ಕಲಿತ ಹುಡುಗಿ ಯಾವ ಪಟ್ಟಿಯಲ್ಲೂ ಪ್ರಥಮಳಲ್ಲ, ಆದರೆ ಅವಳ ಕೈಗೆ ಒಂದು ಕಸುಬು ಬಂತು.

ಇನ್ನು ನಮ್ಮ ಸಂಘಗಳ ಮಾತು. ಥಾಣೆಯಿಂದ ಕಲ್ಯಾಣದವರೆಗೆ ಕನ್ನಡಿಗರ ಸಂಘಗಳಿಗೆ ಬರವಿಲ್ಲ. ಡೊಂಬಿವಲಿಯಲ್ಲಿ ಕರ್ನಾಟಕ ಸಂಘ ಶಾಲೆಯನ್ನೇ ನಡೆಸುತ್ತದೆ, ಅದು ಸಣ್ಣ ಮಾತಲ್ಲ. ಆದರೆ ಮಾರ್ಚ್‌ನ ಮಹಿಳಾ ದಿನದ ಕಾರ್ಯಕ್ರಮ ಎಲ್ಲಿ ಹೋದರೂ ಒಂದೇ ಅಚ್ಚು. ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಲ್ಲುವವರು ಹೆಂಗಸರು, ವೇದಿಕೆಯಲ್ಲಿ ಕೂರುವವರು ಹೆಚ್ಚಾಗಿ ಗಂಡಸರು, ಶಾಲು ಹಾರ ಫಲತಾಂಬೂಲ ಸ್ಮರಣಿಕೆ, ಆಮೇಲೆ ಊಟ. ಊಟ ಬಡಿಸುವವರೂ ಮಹಿಳಾ ವಿಭಾಗದವರೇ. ಒಂದು ಕಡೆಯವರು ಸಾಧಕಿಯರ ಹೆಸರು ಸೂಚಿಸಿ ಎಂದು ಕೇಳಿದರು. ಚಿಕ್ಕಮ್ಮನ ಹೆಸರು ಹೇಳಿದೆ. ಅತ್ತಲಿಂದ ಬಂದ ಪ್ರಶ್ನೆ: 'ಯಾವ ಕ್ಷೇತ್ರದಲ್ಲಿ ಪ್ರಥಮ, ಸರ್?'

ಒಂದು ಸಲಹೆ ಕೊಡುತ್ತೇನೆ, ಯಾರೂ ಕೇಳದಿದ್ದರೂ. ಈ ವರ್ಷ ಶಾಲಿನ ದುಡ್ಡಿನಲ್ಲಿ ಸ್ಟೇಷನ್ನಿನ ಹತ್ತಿರ ಒಂದು ಕೋಣೆ ಹಿಡಿಯಿರಿ. ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಕೆಲಸಕ್ಕೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳಲು ನಿವೃತ್ತರಾದ ಇಬ್ಬರನ್ನು ಸಂಬಳ ಕೊಟ್ಟು ಇಡಿ. ದಿವಾ ಲೋಕಲ್‌ಗಾಗಿ ಇಲ್ಲಿಯ ಮರಾಠಿ ಹೆಂಗಸರು ಅರ್ಜಿ ಹಿಡಿದು ಓಡಾಡುವಾಗ ಅದರ ಕೆಳಗೆ ಸಂಘದ ಮೊಹರೂ ಬೀಳಲಿ. ಕಾರ್ಯಕ್ರಮ ಮಾಡಲೇಬೇಕೆಂದಿದ್ದರೆ, ಆರತಿ ತಟ್ಟೆ ಹಿಡಿಯಲು ಪದಾಧಿಕಾರಿಗಳು ನಿಲ್ಲಲಿ.

ಚಿಕ್ಕಮ್ಮನಿಗೆ ಶಾಲಿನ ವಿಷಯ ಹೇಳಿದಾಗ ಅವರು ನಕ್ಕರು. "ನಾನೆಂತ ಮಾಡಿದ್ದೇನೆ ಮಾರಾಯ? ಟ್ರೈನ್ ಹತ್ತಿದ್ದು, ಇಳಿದದ್ದು." ಆಮೇಲೆ ಕಾರ್ಯಕ್ರಮ ಯಾವತ್ತು ಎಂದು ಕೇಳಿದರು. ಭಾನುವಾರ ಎಂದೆ, ರೈಲಿನವರು ಹಳಿ ರಿಪೇರಿಗೆಂದು ಲೋಕಲ್ ನಿಲ್ಲಿಸುವ ದಿನ. "ಭಾನುವಾರವಾ? ಮೆಗಾಬ್ಲಾಕ್ ಯಾವ ಲೈನಿನಲ್ಲಿ ಅಂತ ಮೊದಲು ನೋಡಿ ಹೇಳು."